ನಕ್ಷತ್ರ ಬಿದ್ದ ಮೇಲೆ ಯಾರೂ ಮಲಗಲಿಲ್ಲ

ಸಂಜೆ ಏಳು ಗಂಟೆ ನಲವತ್ತು ನಿಮಿಷ. ನಡುಮನೆಯ ಗಡಿಯಾರ ಏಳು ನಲವತ್ತೈದು ತೋರಿಸುತ್ತಿತ್ತು. ಮಗ್ಗಕ್ಕೆ ಇಳಿಯುವುದು ಯಾವ ದಿನವೂ ತಡವಾಗಬಾರದೆಂದು ಅಪ್ಪ ಅದನ್ನು ಬೇಕೆಂದೇ ಐದು ನಿಮಿಷ ಮುಂದಿಟ್ಟಿದ್ದ. ಆ ಐದು ನಿಮಿಷ ಕಳೆದು ನೋಡುವುದು ನನಗೆ ಇವತ್ತಿಗೂ ಬಿಟ್ಟಿಲ್ಲ. ಹಿಂದೂಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತು, ನಲವತ್ತು ದಿನದ ತಮ್ಮನ ಬಟ್ಟೆಗಳನ್ನು ಹಗ್ಗದಿಂದ ತೆಗೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದೆ. ನನಗಾಗ ಹನ್ನೊಂದು ವರ್ಷ. ಮೊದಲು ಕಂಡದ್ದು ಬೆಳಕಲ್ಲ, ನೆರಳು. ಮುಂದಿನ ಗೋಡೆಯ ಮೇಲೆ ಹಗ್ಗದ ನೆರಳು, ಬಟ್ಟೆಗಳ ನೆರಳು, ನನ್ನ ಕೈಯ ನೆರಳು ಒಮ್ಮೆಲೇ ಮೂಡಿ ಒಂದು ಪಕ್ಕಕ್ಕೆ ಓಡಿದವು. ತಿರುಗಿ ನೋಡಿದರೆ ಹಸಿರು ಬೆರೆತ ಬಿಳಿ ಬೆಂಕಿಯ ಉಂಡೆ, ಅದರ ಹಿಂದೆ ಉದ್ದನೆಯ ಗೆರೆ. ನೋಡುತ್ತಿದ್ದಂತೆ ಅದು ಎರಡು ತುಂಡಾಯಿತು. ತುಂಡುಗಳು ಕೆಂಪಾಗಿ, ಎದುರುಮನೆಯ ಮೂರನೇ ಅಂತಸ್ತಿನ ನೀರಿನ ಟ್ಯಾಂಕಿನ ಹಿಂದೆ ಮರೆಯಾದವು. ಎಲ್ಲ ಸೇರಿ ಐದು ಸೆಕೆಂಡು ಇದ್ದೀತು. ನಮ್ಮ ಮನೆಯಲ್ಲಿ ಚುಕ್ಕಿ ಬಿದ್ದದ್ದು ಕಂಡರೆ ಬೆರಳು ತೋರಿಸುವಂತಿಲ್ಲ, ಇನ್ನೊಬ್ಬರಿಗೆ ಹೇಳುವಂತಿಲ್ಲ. ಮನಸ್ಸಿನಲ್ಲೇ ಮೂರು ಹೂವಿನ ಹೆಸರು ಹೇಳಿಕೊಂಡು ಯಾವುದಾದರೂ ಹಸಿರಿನ ಮೇಲೆ ಕಣ್ಣಿಡಬೇಕು. ನನಗೆ ಒಂದು ಹೂವೂ ನೆನಪಾಗಲಿಲ್ಲ. ಬೆರಳು ಚಾಚಿ ಕೂಗಿದೆ.

“ಅಜ್ಜೀ, ಬಾರೇ ಮ್ಯಾಕೆ! ಚುಕ್ಕಿ ಬಿತ್ತು! ಇಷ್ಟ್ ದಪ್ಪ!”

“ಬಾಯ್ ಮುಚ್ಚೇ ಮುಂಡೇದೆ!” ಅಜ್ಜಿ ಚೌಡಮ್ಮ ಮೆಟ್ಟಿಲ ಬುಡದಿಂದಲೇ ಗದರಿದಳು. ಆಮೇಲೆ ದನಿ ತಗ್ಗಿಸಿ, “ಯಾವ ಕಡೀಕ್ ಬಿತ್ತು?” ಎಂದಳು.

“ಕಲ್ಯಾಣದುರ್ಗದ ಕಡೀಕೆ.”

ವಾಯವ್ಯ ದಿಕ್ಕಿಗೆ ನಮ್ಮ ಮನೆಯಲ್ಲಿ ಇದ್ದ ಹೆಸರೇ ಅದು. ಅಪ್ಪನ ತಂಗಿ ಲಕ್ಷ್ಮೀದೇವಿ ಅತ್ತೆಯನ್ನು ಆ ಊರಿಗೆ ಕೊಟ್ಟಿದ್ದರು. ನಾನು ಬಟ್ಟೆ ಹೊತ್ತು ಕೆಳಗಿಳಿದು ಬಂದು ಮಡಚಲು ಕೂತೆ. ಮೂರು ನಿಮಿಷ ಕಳೆದಿರಬೇಕು, ಬಂಡೆ ಸಿಡಿಸಿದಂಥ ಶಬ್ದ ಬಂತು. ಅಡುಗೆಮನೆಯ ಅಟ್ಟದ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಕಿ ಗಲಗಲ ಅಂದವು. ಜೋಲಿಯಲ್ಲಿ ಮಲಗಿದ್ದ ತಮ್ಮ ಬೆಚ್ಚಿ ಎರಡೂ ಕೈ ಅಗಲಿಸಿ ಅತ್ತ. ಅಳು ನಿಲ್ಲುವ ಮೊದಲೇ ಅಪ್ಪನ ಫೋನು ಹೊಡೆದುಕೊಂಡಿತು. ಅತ್ತೆ. ಆಕೆ ಫೋನಿನಲ್ಲಿ ಮಾತಾಡಿದರೆ ಪಕ್ಕದ ಕೋಣೆಗೂ ಕೇಳಿಸುತ್ತಿತ್ತು.

“ಅಣ್ಣಯ್ಯ, ಎಲ್ಲಾ ಚೆಂದಾಗಿದ್ದೀರಾ? ನಿಮ್ಮೂರ ಮ್ಯಾಲೆ ಬೆಂಕಿ ಬಿತ್ತಲ್ಲ!”

“ನಮ್ಮೂರ ಮ್ಯಾಲಲ್ಲಮ್ಮ, ನಿಮ್ ಕಡೀಕೇ ಬಿದ್ದಿದ್ದು. ಗಿರಿಜ ಕಣ್ಣಾರೆ ನೋಡವ್ಳೆ.”

“ಇಲ್ಲ ಕಣಣ್ಣ, ನಾನೇ ಬಾಗ್ಲಾಗ್ ನಿಂತು ನೋಡಿದ್ನಲ್ಲ. ಹಿಂದೂಪುರದ ಕಡೀಕೇ ಹೋಯ್ತು. ಇಲ್ಲಿ ಎಲ್ಲಾ ಅಂಗೇ ಅಂತಾವ್ರೆ.”

ಅಪ್ಪ ಫೋನನ್ನು ಎದೆಗೆ ಒತ್ತಿಕೊಂಡು ಅಜ್ಜಿಯ ಮುಖ ನೋಡಿದ. ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ.

“ಅಂಗಾದ್ರೆ ಎರಡು ಬಿದ್ದವೆ.”

ನನ್ನ ಬಾಲ್ಯವನ್ನು ಕೆಡಿಸಿದ ಮಾತು ಯಾವುದೆಂದು ಕೇಳಿದರೆ ಈ ಮೂರು ಪದ ಹೇಳುತ್ತೇನೆ. ಏಳು ವರ್ಷದ ನಂತರ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಂ ಹಲಗೆಯ ಮೇಲೆ ಒಂದು ತ್ರಿಕೋನ ಬರೆದು ತೋರಿಸಿದಾಗ ನನಗೆ ಇದು ತಿಳಿಯಿತು. ಉಲ್ಕೆ ಉರಿಯುವುದು ನೆಲದಿಂದ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಇರುವುದರಿಂದ ಒಂದೇ ಬೆಳಕು ಹಲವು ಊರಿಗೆ ಕಾಣುತ್ತದೆ, ಮತ್ತು ಪ್ರತಿ ಊರಿನವರಿಗೂ ಅದು ಪಕ್ಕದ ಊರಿನ ಮೇಲೆಯೇ ಬಿದ್ದಂತೆ ತೋರುತ್ತದೆ. ಮೂರು ನಿಮಿಷದಲ್ಲಿ ಶಬ್ದ ಸುಮಾರು ಅರವತ್ತು ಕಿಲೋಮೀಟರ್ ಸಾಗುತ್ತದೆ ಎಂದು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗುಣಿಸಿಕೊಂಡೆ. ಹಾಗಾದರೆ ಅದು ನಮ್ಮ ಊರಿನಲ್ಲೂ ಬೀಳಲಿಲ್ಲ, ಅತ್ತೆಯ ಊರಿನಲ್ಲೂ ಬೀಳಲಿಲ್ಲ, ಎರಡರ ನಡುವೆ ಮೇಲೆಲ್ಲೋ ಗಾಳಿಯಲ್ಲೇ ಒಡೆದು ಮುಗಿದಿತ್ತು. ಅಣ್ಣ ತಂಗಿಯ ಆ ಒಂದು ಫೋನಿನಲ್ಲೇ ಉತ್ತರ ಇತ್ತು. ಇಬ್ಬರೂ ನಿಜ ಹೇಳಿದ್ದರು. ಎರಡು ನಿಜವನ್ನು ಕೂಡಿಸಲು ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಒಂದೇ ದಾರಿ, ಎರಡು ಎಂದು ಎಣಿಸುವುದು.

ಆ ಮನೆ ಎಂದರೆ ಒಂದರ ಹಿಂದೆ ಒಂದು ಮೂರು ಕೋಣೆ. ಬೀದಿಗೆ ಹತ್ತಿದ ಮೊದಲ ಕೋಣೆಯಲ್ಲಿ ಗುಂಡಿ ಮಗ್ಗ. ಅಪ್ಪ ಗುಂಡಿಯೊಳಗೆ ಕಾಲು ಬಿಟ್ಟು ಕೂತರೆ ಕಿಟಕಿಯಲ್ಲಿ ಬೀದಿಯವರಿಗೆ ಕಾಣುತ್ತಿದ್ದದ್ದು ಅವನ ನೆತ್ತಿ ಮಾತ್ರ. ನಡುಮನೆಯಲ್ಲಿ ಅಜ್ಜಿಯ ರಾಟೆ, ಅಮ್ಮನ ರಾಟೆ, ತೊಲೆಯಿಂದ ಇಳಿಬಿಟ್ಟ ಹಳೇ ಸೀರೆಯ ಜೋಲಿ. ಕೊನೆಯ ಕೋಣೆಯಲ್ಲಿ ಒಲೆಯ ಪಕ್ಕದಲ್ಲೇ ರೇಷ್ಮೆಗೆ ಬಣ್ಣ ಕುದಿಸುವ ಪಾತ್ರೆ ಇರುತ್ತಿತ್ತು, ಹಾಗಾಗಿ ನಮ್ಮ ಮುದ್ದೆ ಸಾರಿಗೂ ಬಣ್ಣದ ವಾಸನೆ. ಮದುವೆಯ ಕಾಲ ಬಂದರೆ ಸೀರೆ ಹೇಳಿದ ದಿನಕ್ಕೆ ಮಗ್ಗದಿಂದ ಇಳಿಯಬೇಕು, ಆಗ ಮನೆಯವರೆಲ್ಲ ರಾತ್ರಿ ಎಚ್ಚರ. ನಾನು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಬೇಕು. ತೂಕಡಿಸಿದರೆ ಅಜ್ಜಿಯ ಹತ್ತಿರ ಅದಕ್ಕೊಂದು ವಿದ್ಯೆ ಇತ್ತು. ಹುರಿ ಹಾಕಿದ ನೂಲನ್ನು ತಣ್ಣೀರಿನಲ್ಲಿ ಅದ್ದಿ, ಬಿಗಿಯಾಗಿ ಹಿಡಿದು, ಅಂಗಾಲಿನ ಮೇಲೆ ಹಿಮ್ಮಡಿಯಿಂದ ಬೆರಳಿನ ತನಕ ಒಂದು ಸಲ ಎಳೆಯುವುದು. ಹೊಡೆದ ಹಾಗೂ ಅಲ್ಲ, ಚುಚ್ಚಿದ ಹಾಗೂ ಅಲ್ಲ, ಆದರೆ ನಿದ್ದೆ ಮೈಬಿಟ್ಟು ಓಡುತ್ತಿತ್ತು. ಅಜ್ಜಿ ಇದನ್ನು ತನ್ನ ಅತ್ತೆಯಿಂದ ಕಲಿತಿದ್ದಳು, ನಾನು ಅಜ್ಜಿಯಿಂದ ಕಲಿತೆ. ಅಪ್ಪ ಮಗ್ಗದಲ್ಲಿ ತೂಕಡಿಸಿದಾಗ ನಾನೇ ಗುಂಡಿಗೆ ಇಳಿದು ಅವನ ಕಾಲಿಗೆ ನೂಲು ಎಳೆಯುತ್ತಿದ್ದೆ. ಅವನು ನಗುತ್ತಿದ್ದ. ಬೇರೆ ಮನೆಗಳಲ್ಲಿ ಮಕ್ಕಳನ್ನು ಮಲಗಿಸುವುದಕ್ಕೆ ಹಾಡು ಕಲಿಸುತ್ತಾರೆ. ನಮ್ಮಲ್ಲಿ ಎಬ್ಬಿಸುವುದನ್ನು ಕಲಿಸಿದರು, ಅದರ ಬಗ್ಗೆ ಹೆಮ್ಮೆಯನ್ನೂ ಕಲಿಸಿದರು.

ಊಟಕ್ಕೆ ಕೂತಿದ್ದಾಗ ಪಕ್ಕದ ಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಬಂದಳು. ಅವಳ ಮಾತು ಅರ್ಧ ಕನ್ನಡ, ಅರ್ಧ ತೆಲುಗು.

“ಚೌಡಮ್ಮಕ್ಕಾ, ಕೇಳಿದ್ರಾ? ಕಲ್ಯಾಣದುರ್ಗಂ ಹತ್ರ ಜೋಲೀಲಿದ್ದ ಕೂಸು ಕಲ್ಲಾಗ್ಬುಡ್ತಂತೆ. ಆ ಬೆಳಕು ಬಿದ್ದ ಮನೇಲಿ ಮೂರು ರಾತ್ರಿ ಯಾರೂ ಮಲಗಬಾರ್ದಂತೆ. ನಿದ್ರಪೋತೇ ರಾಯಿ ಅಯಿಪೋತಾರಂಟ!” ಮಲಗಿದರೆ ಕಲ್ಲಾಗುತ್ತಾರಂತೆ.

ಅಪ್ಪ ಕೈ ತೊಳೆದು ತಂಗಿಗೆ ಫೋನು ಹಚ್ಚಿದ. ಆಕೆ ಇನ್ನೂ ದೊಡ್ಡ ದನಿಯಲ್ಲಿ ಅಳುತ್ತಿದ್ದಳು. ಅವರ ಬೀದಿಯಲ್ಲಿ, ಕೂಸು ಕಲ್ಲಾದದ್ದು ಹಿಂದೂಪುರದಲ್ಲಿ ಎಂದು ಹೇಳುತ್ತಿದ್ದರಂತೆ. ನಮ್ಮ ಮನೆಯ ಕೂಸೇ ಇರಬಹುದೆಂದು ಹೆದರಿ ಅವಳು ಫೋನು ಮಾಡುವ ಧೈರ್ಯವಿಲ್ಲದೆ ಕೂತಿದ್ದಳು. ಅಜ್ಜಿ ಕೇಳಿಸಿಕೊಂಡಳು. ಎರಡು ಬೆಂಕಿ ಬಿದ್ದಿದ್ದವು, ಈಗ ಎರಡು ಕೂಸುಗಳಾದವು. ತಟ್ಟೆಯಲ್ಲಿ ಉಳಿದ ಮುದ್ದೆಯನ್ನು ಅಲ್ಲೇ ಬಿಟ್ಟು ಎದ್ದು ಜೋಲಿಯ ಹತ್ತಿರ ಹೋಗಿ, ಮಲಗಿದ್ದ ಮಗುವನ್ನು ಎತ್ತಿ ಕೂರಿಸಿದಳು. ಕತ್ತು ನಿಲ್ಲದ ಮಗು. ತಲೆ ಎದೆಗೆ ಬಿತ್ತು.

“ಅತ್ತೆ, ನಾವ್ ದೊಡ್ಡೋರು ಎದ್ದಿರಾನ,” ಅಮ್ಮ ಅಂದಳು. “ಅದ್ಕೇನ್ ಗೊತ್ತಾಯ್ತದೆ? ಮಲಗಲಿ ಬಿಡಿ.”

“ಅದ್ಕೇನೂ ಗೊತ್ತಾಗಲ್ಲ ಅಂತ್ಲೇ ನನ್ ಭಯ ಕಣಮ್ಮ. ನನ್ ಮೊದಲ್ನೇದೂ ಹಿಂಗೇ ಜೋಲೀಲಿತ್ತು. ಮಲಗೈತೆ ಅಂತ ನಾನು ರಾಟೆ ತಿರುಗಿಸ್ಕಂಡ್ ಕೂತಿದ್ದೆ. ಏಳಲೇ ಇಲ್ಲ.”

ಅಜ್ಜಿಗೆ ಅಪ್ಪನಿಗಿಂತ ಮೊದಲು ಒಂದು ಗಂಡು ಮಗು ಆಗಿ ತೀರಿಕೊಂಡಿತ್ತೆಂದು ನನಗೆ ಗೊತ್ತಾದದ್ದೇ ಆ ಹೊತ್ತಿನಲ್ಲಿ. ಅಮ್ಮನಿಗೆ ತಾಯಿ ಇರಲಿಲ್ಲ. ಅದಕ್ಕೇ ಬಾಣಂತನ ಗಂಡನ ಮನೆಯಲ್ಲೇ ಆಗಿತ್ತು. ಅವಳು ಅಪ್ಪನ ಕಡೆ ನೋಡಿದಳು.

“ಮೂರು ರಾತ್ರಿ ತಾನೇ ಸರೋಜ,” ಎಂದ ಅಪ್ಪ. “ಅವ್ವ ಹೇಳ್ದಂಗೆ ಮಾಡಾನ.”

ಅಜ್ಜಿ ನೂಲು ನನ್ನ ಕೈಗೆ ಕೊಟ್ಟಳು.

“ಗಿರಿಜನ ಕೈ ಹಗುರ. ಅವ್ಳೇ ಎಳೀಲಿ.”

ಮೊದಲ ರಾತ್ರಿ ಹಬ್ಬದ ಜಾಗರಣೆಯ ಹಾಗೆ ಕಳೆಯಿತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬೀದಿಯ ಎಲ್ಲ ಮನೆಗಳಲ್ಲೂ ದೀಪ. ಗಂಡಸರು ಜಗಲಿಯ ಮೇಲೆ ಬೀಡಿ ಸೇದುತ್ತಾ ಒಬ್ಬರನ್ನೊಬ್ಬರು ಮುಟ್ಟಿ ನೋಡಿ, “ಏನ್ಲಾ, ಇನ್ನೂ ಮೆತ್ತಗೇ ಇದ್ದೀಯಾ?” ಎಂದು ನಗುತ್ತಿದ್ದರು. ಅಜ್ಜಿ ಚಹಾ ಮಾಡಿ ನನಗೂ ದೊಡ್ಡವರ ಲೋಟದಲ್ಲಿ ಕೊಟ್ಟಳು. ತಮ್ಮನ ಕಣ್ಣು ಮುಚ್ಚಿದಾಗೆಲ್ಲ ನಾನು ಅಂಗಾಲಿಗೆ ನೂಲು ಎಳೆದೆ. ಅವನ ಪಾದ ನನ್ನ ಹೆಬ್ಬೆರಳಿನಷ್ಟೇ ಉದ್ದ. ಎಳೆದ ಕೂಡಲೇ ಬೆರಳುಗಳನ್ನು ಹೂವಿನಂತೆ ಅರಳಿಸಿ, ಮುಖ ಕಿವುಚಿ ಅಳುತ್ತಿದ್ದ. ಅತ್ತರೆ ಅಜ್ಜಿಗೆ ಸಮಾಧಾನ. ಬೆಳಗಾದ ಮೇಲೂ ಬಿಡಲಿಲ್ಲ. ಹಾಲು ಕುಡಿಯುವ ಕೂಸಿಗೆ ಹಗಲು ರಾತ್ರಿ ತಿಳಿಯದು, ಆದ್ದರಿಂದ ಅದಕ್ಕೆ ಹಗಲೂ ರಾತ್ರಿಯೇ ಎಂದಳು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ನೂಲು ಅವಳ ಕೈಯಲ್ಲಿತ್ತು.

ಶಾಲೆಯಲ್ಲಿ ಅರ್ಧ ತರಗತಿ ಬೆಂಚಿನ ಮೇಲೆ ತಲೆ ಹಾಕಿತ್ತು. ವಿಜ್ಞಾನದ ಮೇಷ್ಟ್ರು ಪಾಠದ ಪುಸ್ತಕ ಮುಚ್ಚಿಟ್ಟು ಹಲಗೆಯ ಮೇಲೆ ಭೂಮಿಯ ಅಂಚು ಬರೆದರು, ಅದರ ಮೇಲೆ ಗಾಳಿಯ ಪದರ, ಗಾಳಿಗೆ ನುಗ್ಗುವ ಒಂದು ಸಣ್ಣ ಚುಕ್ಕೆ. ಬೀಳುವುದು ನಕ್ಷತ್ರವೇ ಅಲ್ಲ ಎಂದರು. ಬಾಹ್ಯಾಕಾಶದಲ್ಲಿ ತಿರುಗುವ ಧೂಳು, ಮರಳಿನ ಕಾಳು, ಅಪರೂಪಕ್ಕೆ ಬಂಡೆಯಷ್ಟು ದೊಡ್ಡದು. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಅದು ಬಂದಾಗ ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತಿಲ್ಲ. ಗಾಳಿ ಅಮುಕಿಕೊಂಡು ಕಾಯುತ್ತದೆ, ಹೊಳೆಯುತ್ತದೆ, ಕಲ್ಲು ಕರಗಿ ಆವಿಯಾಗುತ್ತದೆ. ನಾವು ನೋಡುವ ಗೆರೆ ಅದು. ನಾನು ಎದ್ದು ನಿಂತು ಕೇಳಿದೆ.

“ಮಲಗಿದ್ರೆ ಕಲ್ಲಾಗ್ತಾರಾ ಸಾರ್?”

“ಕಲ್ಲೇ ಪುಡಿಯಾಗಿ ಹೋಗೈತೆ ಕಣಮ್ಮ, ನೀವ್ಯಾಕೆ ಕಲ್ಲಾಗ್ತೀರ? ಮನೆಗ್ ಹೋಗಿ ಹೊದ್ಕೊಂಡ್ ಮಲಗ್ರಿ.”

ಮನೆಗೆ ಓಡಿದೆ. ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದೆ. ಅಮ್ಮನ ಕಣ್ಣು ನನ್ನ ಮೇಲೆ ನೆಟ್ಟಿತ್ತು, ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು. ಅಪ್ಪ ಮಗ್ಗ ನಿಲ್ಲಿಸಿ ಕೇಳಿದ. ನಾನು ಗೆದ್ದೆ ಅಂದುಕೊಂಡೆ. ಅಜ್ಜಿ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದಳು.

“ನಿಮ್ ಮೇಷ್ಟ್ರು ರಾತ್ರಿ ಮಲಗಿದ್ರೇನು? ಕೇಳ್ಕಂಡ್ ಬಾ.”

ಎರಡನೆಯ ರಾತ್ರಿಯೂ ನೂಲು ಎಳೆದೆ. ಮಾರನೆಯ ದಿನ ಶನಿವಾರ, ಅರ್ಧ ದಿನದ ಶಾಲೆ. ಮೇಷ್ಟ್ರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಹತ್ತಿರ ಹೋದಾಗ ಅವರ ಕಣ್ಣು ಕಂಡೆ. ಕೆಂಡದ ಹಾಗೆ ಕೆಂಪಗಿದ್ದವು. ಆದರೂ ಕೇಳಿದೆ. ಅವರು ಆ ಕಡೆ ಈ ಕಡೆ ನೋಡಿದರು.

“ನನಗೆಲ್ಲಾ ಗೊತ್ತು ಕಣಮ್ಮ. ಮನೇಲಿ ಹೆಂಗಸರು ಬಿಡಲ್ಲ. ಏನ್ ಮಾಡಾನ, ಇನ್ನೊಂದು ರಾತ್ರಿ ತಾನೇ?”

ಆ ಮನುಷ್ಯನ ಮೇಲೆ ನನಗಿರುವಷ್ಟು ಸಿಟ್ಟು ಅಜ್ಜಿಯ ಮೇಲೂ ಇಲ್ಲ. ಅಜ್ಜಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು. ಆದರೆ ಸಿಟ್ಟನ್ನು ಅಲ್ಲಿಗೇ ನಿಲ್ಲಿಸಲು ಆಗುವುದಿಲ್ಲ, ಯಾಕೆಂದರೆ ನನಗೂ ಗೊತ್ತಿತ್ತು. ಮನೆಗೆ ಬಂದು ಅಜ್ಜಿಗೆ ಉತ್ತರ ಹೇಳಿದೆ. ಅವಳು ನಗಲಿಲ್ಲ, ಹೀಯಾಳಿಸಲೂ ಇಲ್ಲ, ನೂಲನ್ನು ಹೊಸದಾಗಿ ನೀರಿಗೆ ಅದ್ದಿ ಕೊಟ್ಟಳು. ಮೇಷ್ಟ್ರೇ ಮಲಗದಿದ್ದರೆ ಏನೋ ಇದ್ದೇ ಇರಬೇಕು ಎಂದು ನನಗೂ ಅನಿಸಿತು. ಹಿಂದಿನ ಎರಡು ದಿನ ಅಳುಕುತ್ತಾ ಎಳೆದದ್ದನ್ನು ಆ ಮಧ್ಯಾಹ್ನ ಗಟ್ಟಿಯಾಗಿ ಎಳೆದೆ. ತಮ್ಮ ಅಷ್ಟು ಹೊತ್ತಿಗೆ ಅಳುವುದನ್ನು ಬಿಟ್ಟಿದ್ದ. ಬಾಯಿ ತೆರೆಯುತ್ತಿದ್ದ, ಶಬ್ದ ಬರುತ್ತಿರಲಿಲ್ಲ. ಮೊಲೆ ಬಾಯಿಗಿಟ್ಟರೆ ಹಿಡಿಯುತ್ತಿರಲಿಲ್ಲ. ಅಮ್ಮನ ರವಿಕೆ ಹಾಲಿನಿಂದ ತೊಯ್ದು ಎದೆಗೆ ಅಂಟಿತ್ತು. ಕಂಕುಳಲ್ಲಿ ಕೈ ಇಟ್ಟು ನೋಡಿ, ಮೈ ಸುಡುತ್ತಿದೆ ಎಂದಳು. ಎರಡು ಗಂಟೆಯ ಸುಮಾರಿಗೆ ನಾನು ನೂಲು ಎಳೆದಾಗ ಅವನ ಬೆರಳುಗಳು ಅರಳಲಿಲ್ಲ. ಕಾಲು ನೆಟ್ಟಗಾಯಿತು. ಆಮೇಲೆ ಕೈ, ಆಮೇಲೆ ಬೆನ್ನು. ಇಡೀ ಮೈ ಬಿಲ್ಲಿನಂತೆ ಬಿಗಿದು, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು.

“ಗಟ್ಟಿಯಾಗ್ತೈತೆ!” ಅಜ್ಜಿ ಕಿರುಚಿದಳು. “ಕಲ್ಲಾಗ್ತೈತೆ! ಎಳೀ ಗಿರಿಜಿ, ಬಿಡಬ್ಯಾಡ ಎಳೀ!”

ಎಳೆದೆ. ಎಷ್ಟು ಸಲ ಎಂದು ಗೊತ್ತಿಲ್ಲ. ಈ ಒಂದು ಜಾಗಕ್ಕೆ ಬಂದು ನನ್ನ ನೆನಪು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ರಾತ್ರಿ ನಿದ್ದೆ ಹತ್ತುವ ಹೊತ್ತಿಗೆ, ಬಸ್ಸಿನಲ್ಲಿ, ಯಾರದೋ ಮನೆಯ ನಾಮಕರಣದಲ್ಲಿ. ಅಮ್ಮ ನನ್ನ ಕೈಯಿಂದ ನೂಲು ಕಿತ್ತು ಬಿಸಾಡಿ, ನನ್ನನ್ನು ಪಕ್ಕಕ್ಕೆ ನೂಕಿ, ಮಗುವನ್ನು ಎತ್ತಿಕೊಂಡಳು. ಅಜ್ಜಿ ಮಗ್ಗದ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

“ಇನ್ನೊಂದೇ ರಾತ್ರಿ ಕಣಮ್ಮ. ಆಸ್ಪತ್ರೇಲಿ ಮಲಗಿಸ್ಬುಡ್ತಾರೆ. ಕೈ ಮುಗೀತೀನಿ, ಈಗ ಕೆಡಿಸ್ಬ್ಯಾಡ.”

“ದಾರಿ ಬಿಡಿ.”

“ರಾಮಲಿಂಗ, ಹೇಳೋ ನಿನ್ ಹೆಂಡ್ತಿಗೆ!”

ಅಪ್ಪ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡೇ ಕೂತಿದ್ದ, ಕೈಯಲ್ಲಿ ಲಾಳಿ. ಅಮ್ಮ ಅವನ ಕಡೆ ತಿರುಗಿದಳು.

“ನೀವು ಏಳಬ್ಯಾಡ್ರಿ. ಸೀರೆ ಮುಗಿಸ್ರಿ.”

ಅಷ್ಟು ಹೇಳಿ ಅಜ್ಜಿಯನ್ನು ಭುಜದಿಂದ ತಳ್ಳಿಕೊಂಡು ಬರಿಗಾಲಿನಲ್ಲಿ ಬೀದಿಗೆ ಇಳಿದಳು. ನಾನು ಹಿಂದೆ ಓಡಿ ಆಟೋ ಹತ್ತಿದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿಗೆ ಸೂಜಿ ಹಾಕಿ, ಗ್ಲೂಕೋಸ್ ಹತ್ತಿಸಿ, ಸೆಳೆತ ನಿಂತ ಮೇಲೆ ಮೈ ಪೂರ್ತಿ ತಿರುಗಿಸಿ ನೋಡಿದಳು. ಎರಡೂ ಅಂಗಾಲು ಬಾಚಣಿಗೆಯಿಂದ ಗೀರಿದ ಹಾಗೆ ಕೆಂಪು ಗೆರೆಗಳಿಂದ ತುಂಬಿದ್ದವು.

“ಈ ಗೀತಲು ಏಮಿಟಮ್ಮಾ? ಎವರು ಚೇಸಾರು?” ಈ ಗೆರೆಗಳೇನು, ಯಾರು ಮಾಡಿದರು ಎಂದು ಕೇಳುತ್ತಿದ್ದಳು.

ಅಮ್ಮ ನನ್ನ ಕಡೆ ನೋಡಲಿಲ್ಲ. “ಮಾ ಇಂಟ್ಲೋನೇ,” ಎಂದಳು. ನಮ್ಮ ಮನೆಯಲ್ಲೇ.

ಮಗು ಉಳಿಯಿತು. ಒಂಬತ್ತು ದಿನದ ಮೇಲೆ ಮನೆಗೆ ಬಂದ. ಏಳು ವರ್ಷ ತುಂಬುವ ತನಕ ಅವನಿಗೆ ಆಗಾಗ ಸೆಳೆತ ಬರುತ್ತಿತ್ತು, ಮಾತು ತಡವಾಗಿ ಬಂತು. ಅದು ಆ ಎರಡು ದಿನದಿಂದ ಆದದ್ದೋ ಇಲ್ಲದಿದ್ದರೂ ಆಗುತ್ತಿತ್ತೋ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಊರಿನಲ್ಲಿ ಮೂರನೆಯ ರಾತ್ರಿ ಕಳೆದು ಎಲ್ಲರೂ ಮಲಗಿ ಎದ್ದಿದ್ದರು, ಯಾರೂ ಕಲ್ಲಾಗಿರಲಿಲ್ಲ. ಮರೆತೂ ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಮಾತ್ರ ನಿದ್ದೆ ವಾಪಸ್ಸು ಬರಲಿಲ್ಲ. ಅಮ್ಮ ಜೋಲಿಯ ಹಗ್ಗದ ತುದಿಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು, ಅಜ್ಜಿ ಎದ್ದರೆ ಅವಳ ಕಣ್ಣು ತೆರೆಯುತ್ತಿತ್ತು, ನಾನು ಮಗ್ಗುಲು ಬದಲಿಸಿದರೂ ತೆರೆಯುತ್ತಿತ್ತು. ಅಪ್ಪ ಮಗ್ಗದ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೆಮ್ಮುತ್ತಿದ್ದ. ನಾನು ತಮ್ಮನ ಉಸಿರು ಎಣಿಸುತ್ತಿದ್ದೆ. ಅಜ್ಜಿ ಬಂದವರಿಗೆಲ್ಲ, “ಎರಡು ರಾತ್ರಿ ಕಾಯ್ದಿದ್ಕೆ ಉಳೀತು, ಇಲ್ದಿದ್ರೆ ಆ ಎರಡರ ಜತೆ ಮೂರನೇದು,” ಎನ್ನುತ್ತಿದ್ದಳು. ಒಂದು ದಿನ ಅವಳು ಜೋಲಿ ತೂಗಲು ಕೈ ಚಾಚಿದಳು.

“ಮುಟ್ಟಬ್ಯಾಡಿ,” ಅಮ್ಮ ಅಂದಳು.

“ನನ್ ಮೊಮ್ಮಗ ಕಣೇ!”

“ನನ್ ಮಗ. ಮುಟ್ಟಬ್ಯಾಡಿ.”

ಆ ಜಗಳ ನಾಲ್ಕು ದಿನ ನಡೆಯಿತು. ಇಬ್ಬರೂ ಬೇರೆ ಬೇರೆ ಒಲೆ ಹಚ್ಚಿದರು. ಐದನೆಯ ದಿನ ಅಪ್ಪ, ಯಾರ ಮುಖವನ್ನೂ ನೋಡದೆ, ಅವ್ವನನ್ನು ಕಲ್ಯಾಣದುರ್ಗಕ್ಕೆ ತಂಗಿಯ ಮನೆಗೆ ಬಿಟ್ಟುಬರುತ್ತೇನೆ ಎಂದ. ಅಷ್ಟು ಹೇಳಲು ಅವನಿಗೆ ಒಂದೂವರೆ ತಿಂಗಳು ಹಿಡಿದಿತ್ತು, ಹೇಳಬೇಕಾದ ದಿನ ಅವನು ಲಾಳಿ ಹಿಡಿದು ಕೂತಿದ್ದ. ಅಜ್ಜಿ ಅಳಲಿಲ್ಲ. ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಹೊಸಿಲು ದಾಟಿ, ನನ್ನನ್ನು ಹತ್ತಿರ ಕರೆದು ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಯಾರೇನೇ ಅನ್ಲಿ ಕಣೆ ಗಿರಿಜಿ. ಅವ್ನ ಉಳಿಸಿದ್ದು ಈ ಕೈ. ನಂಗೊತ್ತು.”

ಅವಳು ಪ್ರೀತಿಯಿಂದಲೇ ಹೇಳಿದ್ದು. ಆಮೇಲೆ ಅವಳು ಆ ಮನೆಗೆ ಬರಲೇ ಇಲ್ಲ, ಕಲ್ಯಾಣದುರ್ಗದಲ್ಲೇ ತೀರಿಕೊಂಡಳು. ನನಗೆ ಸಿಕ್ಕ ಕೊನೆಯ ಆಶೀರ್ವಾದ ಅದು, ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಇವತ್ತಿಗೂ ತಿಳಿದಿಲ್ಲ. ಅಪ್ಪ ಅವಳ ಚೀಲ ಹೊತ್ತು ಮಡಕಶಿರಾ ಮೇಲೆ ಹೋಗುವ ಬಸ್ಸು ಹತ್ತಿಸಿಕೊಂಡು ಹೋದ, ಕತ್ತಲಾದ ಮೇಲೆ ಒಬ್ಬನೇ ಬಂದು ಊಟ ಬೇಡವೆಂದು ಮಲಗಿದ. ಅಮ್ಮ ನಡುಮನೆಯಲ್ಲಿ ಕೂತು ಮಣಿಕಟ್ಟಿನ ಹಗ್ಗ ಬಿಚ್ಚಿದಳು.

“ಬಾ,” ಎಂದಳು. “ಸ್ವಲ್ಪ ತೂಗು. ನನ್ ಕೈಲಾಗಲ್ಲ.”

ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನ್ನನ್ನು ಅವನ ಹತ್ತಿರ ಕರೆದದ್ದು ಅದೇ ಮೊದಲು. ನಾನು ಜೋಲಿಯ ಕಾಲಿನ ಕಡೆ ನಿಂತೆ. ತಮ್ಮ ನನ್ನನ್ನು ನೋಡಿ ಎರಡೂ ಪಾದಗಳನ್ನು ಹೊಟ್ಟೆಗೆ ಎಳೆದುಕೊಂಡ. ಅಮ್ಮನೂ ಅದನ್ನು ನೋಡಿದಳು. ನಾನು ತಲೆಯ ಕಡೆಗೆ ಸರಿದು, ಅವನಿಗೆ ನನ್ನ ಮುಖ ಕಾಣದ ಹಾಗೆ ನಿಂತು ತೂಗಿದೆ. ಅವನು ಕಾಲು ಚಾಚಲು ಬಹಳ ಹೊತ್ತಾಯಿತು. ಅಮ್ಮ ನೆಲದ ಮೇಲೆ, ಚಾಪೆ ಕೂಡ ಇಲ್ಲದೆ, ತೋಳಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ನಾನು ಯಾವಾಗ ಕೂತೆ, ಯಾವಾಗ ಹಗ್ಗ ಬಿಟ್ಟೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬೀದಿಯಲ್ಲಿ ತರಕಾರಿ ಗಾಡಿ ಕೂಗುತ್ತಿತ್ತು, ಅಡುಗೆಮನೆಯಲ್ಲಿ ಅಮ್ಮ ಒಲೆ ಹಚ್ಚಿದ್ದಳು, ಯಾರೋ ನನ್ನ ಮೇಲೆ ಹೊದಿಕೆ ಹಾಕಿದ್ದರು. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ.